ಕವಲು ದಾರಿಯ ಸೊಪ್ಪು

ಕಾಟಯ್ಯ ಹಿರಿಯೂರಿನ ವರ್ಕ್‌ಶಾಪೊಂದರಲ್ಲಿ ಡ್ರೈವರ್. ಅವನದು ಮಾಲು ಹೊರುವ ಲಾರಿಯಲ್ಲ. ಕೆಟ್ಟು ನಿಂತ ಗಾಡಿಗಳ ಮೂತಿ ಎತ್ತಿ, ಸರಪಳಿ ಬಿಗಿದು, ಎಳೆದು ತರುವ ಲಾರಿ. ಆಗಿನ್ನೂ ತಾಲ್ಲೂಕಿಗೆಲ್ಲ ಬೆರಳೆಣಿಕೆಯ ಫೋನುಗಳು. ಎಲ್ಲಿ ಕಾರು ಕೈಕೊಟ್ಟರೂ ಬಸ್ಸಿನವರೇ ಬಂದು ಸುದ್ದಿ ಮುಟ್ಟಿಸುತ್ತಿದ್ದರು.

ಹೆಂಡತಿ ಪಾಲಮ್ಮ ತೀರಿಕೊಂಡ ಮೇಲೆ ಅವನು ಕುರಿ ಮಾರಿ, ಹಟ್ಟಿ ಬಿಟ್ಟು, ಈ ಕೆಲಸಕ್ಕೆ ಸೇರಿದ್ದ. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ವಾಸ. ಹಗಲೆಲ್ಲ ಇಂಜಿನ್ನಿನ ಸದ್ದು, ಸಂಜೆಯಾದರೆ ಗೋಡೆಯ ಜೊತೆ ಮಾತು. ಅದಕ್ಕೇ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕ್ಯಾಬಿನ್ನಿಗೆ ಹತ್ತಿಸಿಕೊಳ್ಳುತ್ತಿದ್ದ. ಅವರಿಗೆ ಉಪಕಾರ, ಇವನಿಗೆ ಹರಟೆ.

ಎದುರಿನ ಹೋಟೆಲಿನ ಏಕಾಂತಮ್ಮ ಸುಮ್ಮನಿರುವ ಹೆಂಗಸಲ್ಲ.

"ಲೇ ಕಾಟಯ್ಯ, ಯಾವ ಕಡೆ ಹೊಂಟೆ? ಯಾವಾಗ ಬರ್ತೀಯಾ? ಹೇಳಿ ಹೋಗಪ್ಪ. ಗುರುತಿಲ್ಲದೋರನ್ನ ಕುರಿ ತುಂಬ್ದಂಗೆ ತುಂಬ್ಕಂಡು ಬರ್ತೀಯಲ್ಲ!"

"ಯಾರಿಗೆ ಹೇಳ್ಬೇಕಕ್ಕ? ನನ್ನ ಎದುರು ನೋಡೋರು ಯಾರವ್ರೆ?" ಎಂದು ನಕ್ಕು ಗಾಡಿ ಬಿಡುತ್ತಿದ್ದ. ಆ ನಗು ಏಕಾಂತಮ್ಮನಿಗೆ ಹಿಡಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಗೂರಿನ ಹತ್ತಿರ ಕಾರು ನಿಂತಿದೆ ಎಂದು ಬಸ್ಸಿನವನೊಬ್ಬ ಅವನೊಬ್ಬನಿಗೇ ಹೇಳಿ ಹೋದ. ಕಾಟಯ್ಯ ಎಂದಿನಂತೆ ಯಾರಿಗೂ ಹೇಳದೆ ಹೊರಟ. ಕಾರಿನಲ್ಲಿ ನಾಲ್ವರಿದ್ದರು. ನೆತ್ತಿ ಸುಡುವ ಬಿಸಿಲು. ದಾರಿ ಮೇಲೆ ಮನುಷ್ಯರನ್ನು ಬಿಟ್ಟು ಬರಬಾರದು ಎಂಬುದು ಹಟ್ಟಿಯ ಬುದ್ಧಿ. ನಾಲ್ವರನ್ನೂ ಹತ್ತಿಸಿಕೊಂಡ. ಕ್ಯಾಬಿನ್ನಿನಲ್ಲಿ ಕಾಲಿಡಲು ಜಾಗವಿಲ್ಲ, ಆದರೆ ಮಾತೋ ಮಾತು! ಕಾಟಯ್ಯನಿಗೆ ಹಬ್ಬ. ತಿರುವಿನಲ್ಲಿ ಗೇರು ಬದಲಿಸಲು ಕೈ ಹಾಕಿದರೆ ಒಬ್ಬನ ಮೊಣಕಾಲು ಅಡ್ಡ ಬಂತು. ಲಾರಿ ರಸ್ತೆ ಬಿಟ್ಟು ಹಳ್ಳಕ್ಕಿಳಿದು ವಾಲಿತು.

ನಾಲ್ವರಿಗೆ ತರಚು ಗಾಯ. ಕಾಟಯ್ಯನ ಕಾಲು ಮುರಿದಿತ್ತು. ಅವರು ಅವನನ್ನು ಎತ್ತಿ ಜಾಲಿ ಮರದ ನೆರಳಿಗೆ ಮಲಗಿಸಿ, "ಈಗ್ಲೇ ಜನ ಕಳಿಸ್ತೀವಿ" ಎಂದು ಊರಿನತ್ತ ನಡೆದರು. ಕೆಟ್ಟವರೇನಲ್ಲ. ಹೆದರಿದರೋ, ಮರೆತರೋ, ಅಂತೂ ಯಾರೂ ಬರಲಿಲ್ಲ.

ಬಿಸಿಲು ಇಳಿಯುತ್ತಾ ಬಂತು. ಹಟ್ಟಿಗೆ ಹೋಗಿದ್ದಾನೆ ಎಂದು ವರ್ಕ್‌ಶಾಪಿನವರು ಅಂದುಕೊಂಡಾರು. ಹಿರಿಯೂರಿನಲ್ಲಿದ್ದಾನೆ ಎಂದು ಹಟ್ಟಿಯವರು ಅಂದುಕೊಂಡಾರು. ತಾನೆಲ್ಲಿದ್ದೇನೆಂದು ಆ ನಾಲ್ವರನ್ನು ಬಿಟ್ಟರೆ ಈ ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿಲ್ಲ. ನೋವಿಗೆ ಅಳದವನು ಆ ಯೋಚನೆಗೆ ಅತ್ತುಬಿಟ್ಟ.

ಕೊನೆಗೆ ಅವನನ್ನು ಕಂಡವನು ಅಲ್ಲಿ ಕುರಿ ಮೇಯಿಸುತ್ತಿದ್ದ ಹಳೆಯ ಪರಿಚಯದ ಜುಂಜಯ್ಯ. ಕುರಿಗಳನ್ನು ಜೊತೆಗಾರನಿಗೆ ಒಪ್ಪಿಸಿ, ಎತ್ತಿನ ಗಾಡಿ ಕಟ್ಟಿಸಿ, ಹೊಸದುರ್ಗದ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೊರಟ. ಕವಲು ದಾರಿಯಲ್ಲಿ ಗಾಡಿ ನಿಲ್ಲಿಸಿ ಇಳಿದ. ತಂಗಡಿ ಸೊಪ್ಪಿನ ರೆಂಬೆ ಮುರಿದು, ತುದಿಯನ್ನು ಹೊಸದುರ್ಗದ ಕಡೆಗೆ ಮಾಡಿ ನೆಲಕ್ಕಿಟ್ಟು, ಮೇಲೊಂದು ಕಲ್ಲು ಹೇರಿದ.

"ಯಾಕಣ್ಣ ಅದು?" ಕಾಟಯ್ಯ ನರಳುತ್ತಲೇ ಕೇಳಿದ.

"ನಮ್ಮನೆಯೋಳು ಗಂಗಕ್ಕ ರಾತ್ರಿಗೆ ಬುತ್ತಿ ತರ್ತಾಳೆ. ನಾನು ಯಾವ ಕಡೆ ಹೋದೆ ಅಂತ ಗೊತ್ತಾಗ್ಬೇಕಲ್ಲ. ನೀನೂ ಕುರಿ ಕಾದೋನೇ ಅಲ್ವೇನೋ? ಸ್ಟೇರಿಂಗ್ ಹಿಡಿದ್ಮೇಲೆ ಸೊಪ್ಪು ಇಡೋದು ಮರ್ತ್ಯಾ?"

ಕಾಟಯ್ಯ ಆ ಸೊಪ್ಪನ್ನೇ ನೋಡಿದ. ಪಾಲಮ್ಮ ಹೀಗೇ ಸೊಪ್ಪು ನೋಡಿಕೊಂಡು ಬುತ್ತಿ ತರುತ್ತಿದ್ದಳು. ಅವಳು ಹೋದ ಮೇಲೆ ಯಾರಿಗಾಗಿ ಇಡಲಿ ಎಂದು ಬಿಟ್ಟಿದ್ದ.

ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಆಮೇಲೆ ಮೊದಲ ಸಲ ಗಾಡಿ ಹತ್ತುವ ಮುಂಚೆ ಏಕಾಂತಮ್ಮನ ಮುಂದೆ ಬಂದು ನಿಂತ.

"ಅಕ್ಕ, ಹೊಳಲ್ಕೆರೆ ದಾರಿಗೆ ಹೊಂಟೀನಿ. ದೀಪ ಹಚ್ಚೋ ಹೊತ್ತಿಗೆ ಬರ್ತೀನಿ."

"ಬರ್ದಿದ್ರೆ ನಿಮ್ಮ ಮೆಕ್ಯಾನಿಕ್ ಮುರುಗಪ್ಪನ್ನ ಕಳಿಸ್ತೀನಿ. ಎಷ್ಟು ಜನನ್ನ ಹತ್ತಿಸ್ತೀಯಾ?"

"ಇಬ್ರೇ. ಮಿಕ್ಕೋರನ್ನ ಬಸ್ಸಿಗೆ ಹತ್ತಿಸಿ ಬರ್ತೀನಿ. ಸರಪಳಿ ಕಟ್ಟೋವಾಗ ಎಲ್ರೂ ರಸ್ತೆಯಿಂದ ಆಚೆ ನಿಲ್ಬೇಕು. ಎಳೆಯೋ ಕಾರಾಗೆ ಯಾರೂ ಕುಂತ್ಕಳಂಗಿಲ್ಲ."

"ಈಗ ಬುದ್ಧಿ ಬಂತು ನೋಡು!"

ಅವತ್ತು ಟೈರು ಪಂಕ್ಚರಾಗಿ ತಡವಾಯಿತು. ಮಬ್ಬುಗತ್ತಲಲ್ಲಿ ಎದುರಿಗೊಂದು ಮೋಟಾರು ಸೈಕಲ್ಲು ಬಂದು ನಿಂತಿತು. ಮುರುಗಪ್ಪ!

"ಎಲ್ಲೋ ಹೋಗಿದ್ದೆ? ಏಕಾಂತಮ್ಮ ಒಲೆ ಬಿಟ್ಟು ರಸ್ತೆಗೇ ಬಂದು ನಿಂತವ್ಳೆ!"

"ನನ್ನ ಹುಡುಕ್ಕಂಡು ಬಂದ್ಯಾ?" ಎಂದ ಕಾಟಯ್ಯ. ತಡೆದು, ಮತ್ತೆ ಕೇಳಿದ, "ನನ್ನನ್ನೇ?" ಪಂಕ್ಚರಾದದ್ದಕ್ಕೆ ಈ ಡ್ರೈವರ್ ಯಾಕೆ ಕಣ್ಣೊರೆಸಿಕೊಳ್ಳುತ್ತಿದ್ದಾನೆ ಎಂದು ಕ್ಯಾಬಿನ್ನಿನಲ್ಲಿದ್ದ ಇಬ್ಬರಿಗೂ ತಿಳಿಯಲಿಲ್ಲ.

ಡ್ರೈವರ್ ಅಣ್ಣಂದಿರೇ, ದಾರಿಯಲ್ಲಿ ನಿಂತವರ ಕೈ ಬಿಡಬೇಡಿ. ಆದರೆ ಗಾಡಿಯಲ್ಲಿ ಹಿಡಿಯುವಷ್ಟು ಜನರನ್ನೇ ಹತ್ತಿಸಿ. ಎಲ್ಲಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗಾದರೂ ಹೇಳಿ ಹೊರಡಿ. ಕೇಳುವವರಿಲ್ಲ ಅನ್ನಬೇಡಿ, ಹೇಳಿ ನೋಡಿ, ಕೇಳುವವರು ಹುಟ್ಟಿಕೊಳ್ಳುತ್ತಾರೆ. ಅಕ್ಕತಂಗಿಯರೇ, ಹೇಳದೆ ಹೊರಟವನನ್ನು ನೀವೇ ಕೂಗಿ ಕೇಳಿ: "ಅಣ್ಣ, ಸೊಪ್ಪು ಎಲ್ಲಿಟ್ಟೆ?"