ಎಡಕ್ಕೆ ವಾಲುವ ಹಿಡಿಕೆ

ಲಿಫ್ಟ್ ರಿಪೇರಿಯವನಿಗೆ ಒಂದು ಕೆಟ್ಟ ಚಾಳಿಯಿತ್ತು. ಕಣ್ಣಿಗೆ ಬಿದ್ದ ಯಾವುದನ್ನೂ ಇದ್ದ ಹಾಗೆ ಇರಲು ಬಿಡುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಅಷ್ಟೇ, ಅವರು ಕುಡಿಯಲು ನೀರು ತರುವುದರೊಳಗೆ ಅವರ ಬಾಗಿಲಿನ ಚಿಲಕ ಬಿಚ್ಚಿಕೊಂಡು ಕೂತಿರುತ್ತಿದ್ದ. ಮೂವತ್ತೆಂಟು ವರ್ಷ ಊರಿನ ಲಿಫ್ಟುಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿ ನಿವೃತ್ತನಾದ ಮನುಷ್ಯ, ಇನ್ನು ಇವನನ್ನು ನೆಟ್ಟಗೆ ಮಾಡುವುದು ತನ್ನಿಂದಾಗದು ಎಂದು ಹೆಂಡತಿ ಕೈಚೆಲ್ಲಿದ್ದಳು.

ಆದರೆ ಹದಿನೈದು ದಿನದಿಂದ ಊಟದ ಮೇಜಿನ ತುಂಬ ಹರಡಿದ್ದ ಕೆಲಸ ಬರೀ ಚಾಳಿಯದಾಗಿರಲಿಲ್ಲ. ಭಾನುವಾರ ತಂಗಿ ಬರುವವಳಿದ್ದಳು, ಒಂಬತ್ತು ವರ್ಷದ ಮೇಲೆ ಮೊದಲ ಸಲ. "ಅತ್ತಿಗೆಗೆ ಮಂಡಿ ಆಪರೇಷನ್ ಆಗಿದೆಯಂತಲ್ಲ, ನೋಡ್ಕೊಂಡು ಹೋಗ್ತೀನಿ" ಎಂದು ಫೋನಿನಲ್ಲಿ ಹೇಳಿದ್ದಳು. ನೋಡಬೇಕಾದದ್ದು ಅತ್ತಿಗೆಯನ್ನು, ಅಣ್ಣನನ್ನಲ್ಲ. ಅವನಿಗೆ ಚುರುಕ್ಕೆಂದಿತು. ಹೇಗಾದರೂ ಮಾಡಿ ಅವಳನ್ನು ಒಂದು ಗಂಟೆ ಕೂರಿಸಿಕೊಳ್ಳಬೇಕು, ಮೊದಲಿನ ಹಾಗೆ ಅವಳು ತನ್ನ ಜೊತೆ ಮಾತಾಡಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅವರಪ್ಪ ಬಸ್ ನಿಲ್ದಾಣದ ಹಿಂದೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಬೀರುವಿನಷ್ಟು ಎತ್ತರದ ನಾಲ್ಕು ಯಂತ್ರಗಳು, ಒಂದು ಸ್ಟೂಲು, ಸದಾ ಕರಕರ ಎನ್ನುವ ಒಂದು ಫ್ಯಾನು. ಮೂಲೆಯ ಯಂತ್ರದಲ್ಲಿ ಬಂಡೆಗಳ ನಡುವೆ ರಾಕೆಟ್ ಹಾರಿಸುವ ಆಟ. ತಂಗಿ ಸೋಡಾ ಕ್ರೇಟಿನ ಮೇಲೆ ಹತ್ತಿ ನಿಂತಳೆಂದರೆ ಕಾಲೇಜಿನ ಹುಡುಗರೂ ತುಟಿ ಪಿಟಕ್ಕೆನ್ನದೆ ನೋಡುತ್ತಿದ್ದರು. ಅವಳಿಗೆ ಪೈಲಟ್ಟು ಎಂದು ಹೆಸರು ಬಿದ್ದದ್ದು ಅಲ್ಲಿಯೇ. ಅಣ್ಣನ ಜಾಗ ಯಂತ್ರದ ಹಿಂದೆ, ಸ್ಕ್ರೂಡ್ರೈವರ್ ಹಿಡಿದುಕೊಂಡು. ಆಟ ಅವನಿಗೆ ಬರುತ್ತಲೇ ಇರಲಿಲ್ಲ.

ಅಪ್ಪ ಹೋದ ಮೇಲೆ ಅಂಗಡಿಯನ್ನು ಎರಡು ದಿನದಲ್ಲಿ ಖಾಲಿ ಮಾಡಬೇಕಾಯಿತು. ತಂಗಿ ಬೇರೆ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ಅವಳಿಗೆ ಯಾಕೆ ಸಂಕಟ ಎಂದು ಇವನೊಬ್ಬನೇ ನಿಂತು ನಾಲ್ಕೂ ಯಂತ್ರಗಳನ್ನು ಗುಜರಿಯವನ ಲಾರಿಗೆ ಹತ್ತಿಸಿದ. ಅವಳು ಬಂದಾಗ ಗೋಡೆಯ ಮೇಲೆ ನಾಲ್ಕು ಬಿಳಿ ಚೌಕ ಉಳಿದಿದ್ದವು. "ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ?" ಎಂದಷ್ಟೇ ಕೇಳಿ ಹೋದವಳು ಆಮೇಲೆ ಇತ್ತ ತಲೆ ಹಾಕಲಿಲ್ಲ. ಒಳ್ಳೆಯದು ಮಾಡಲು ಹೋಗಿ ತಂಗಿಯನ್ನೇ ಕಳೆದುಕೊಂಡಿದ್ದ, ಬೆಪ್ಪು.

ಈಗ ಎಮ್ಯುಲೇಟರ್ ಎಂಬುದೊಂದು ಅವನ ಕೈಗೆ ಸಿಕ್ಕಿತ್ತು. ಇವತ್ತಿನ ಕಂಪ್ಯೂಟರಿಗೆ 'ನೀನು ಆ ಹಳೇ ಯಂತ್ರವೇ' ಎಂದು ನಂಬಿಸುವ ಪ್ರೋಗ್ರಾಮು. ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರು ತಂದ, ಟಿವಿಗೆ ಸಿಕ್ಕಿಸಿದ. ಮೊದಲ ದಿನ ಚಿತ್ರ ಅಡ್ಡ ಮಲಗಿತು, ಎರಡನೆಯ ದಿನ ಸದ್ದು ಬರಲಿಲ್ಲ. ಮೂರನೆಯ ದಿನ ಆ ಹಳೆಯ ರಾಗ ಟುಂಯ್ ಟುಂಯ್ ಎಂದು ಮೊಳಗಿದಾಗ ಅವನು ಕುರ್ಚಿಯಲ್ಲಿ ಕೂತೇ ಅತ್ತುಬಿಟ್ಟ.

ಕೊನೆಗೆ ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿದ. ಲಾರಿ ಹೊರಡುವ ಮುಂಚೆ ಮೂಲೆಯ ಯಂತ್ರದಿಂದ ಬಿಚ್ಚಿಟ್ಟುಕೊಂಡ ಹಿಡಿಕೆ ಅದರೊಳಗಿತ್ತು. ಕೆಂಪು ಗುಂಡಿನ ಹಿಡಿಕೆ, ಮೇಲೊಂದು ಹಲ್ಲಿನ ಗುರುತು, ಚಿಕ್ಕಂದಿನಲ್ಲಿ ಸೋತ ಸಿಟ್ಟಿಗೆ ತಂಗಿ ಕಚ್ಚಿದ್ದು. ಒರೆಸಿದ, ಎಣ್ಣೆ ಬಿಟ್ಟ. ಒಳಗಿನ ಸ್ಪ್ರಿಂಗ್ ಒಂದು ಬದಿಗೆ ಸೋತು ಹಿಡಿಕೆ ಎಡಕ್ಕೆ ವಾಲುತ್ತಿತ್ತು. ಇವನು ಬಿಡುತ್ತಾನೆಯೇ? ಹೊಸ ಸ್ಪ್ರಿಂಗ್ ಹಾಕಿದ. ಏನನ್ನೂ ಎಸೆಯುವ ಜಾಯಮಾನವಲ್ಲವಾದ್ದರಿಂದ ಹಳೆಯದನ್ನು ಡಬ್ಬದಲ್ಲೇ ಇಟ್ಟ. ಹಿಡಿಕೆಯನ್ನೂ ಪಕ್ಕದಲ್ಲಿ ಗುಂಡು ಹಾರಿಸುವ ಒಂದು ಬಟನ್ನನ್ನೂ ಹಲಗೆಗೆ ಕೂರಿಸಿ ಕಂಪ್ಯೂಟರಿಗೆ ಜೋಡಿಸಿದ.

ಭಾನುವಾರ ಬೆಳಿಗ್ಗೆ ತಂಗಿ ಬಂದಳು. ಕೂದಲು ಅರ್ಧ ನೆರೆತಿತ್ತು. ಅತ್ತಿಗೆಯ ಮಂಡಿ ನೋಡಿದಳು, ಮಾತ್ರೆಗಳ ಹೆಸರು ಕೇಳಿದಳು, ಅಣ್ಣನಿಗೆ "ಚೆನ್ನಾಗಿದ್ದೀಯಾ" ಎಂದಳು. ಚೀಲ ಹೆಗಲಿಂದ ಇಳಿಸಲೇ ಇಲ್ಲ.

ಅವನು ಟಿವಿ ಹಾಕಿದ. ರಾಗ ಕೇಳಿ ಅವಳು ತಿರುಗಿದಳು. ಆಮೇಲೆ ಮೇಜಿನ ಮೇಲಿನ ಹಿಡಿಕೆ ನೋಡಿದಳು, ಹಲ್ಲಿನ ಗುರುತಿನ ಮೇಲೆ ಬೆರಳಿಟ್ಟಳು.

"ಇದನ್ನ ಕೊಡಲಿಲ್ವಾ ನೀನು?"

"ಇದೊಂದನ್ನ ಕೊಡೋಕೆ ಮನಸ್ಸಾಗಲಿಲ್ಲ."

ಅವಳು ಚೀಲ ಇಳಿಸಿ ಕೂತಳು. ಅವನಿಗೆ ಜೀವ ಬಂದಂತಾಯಿತು. ರಾಕೆಟ್ ಹೊರಟಿತು, ಬಲಕ್ಕೆ ನುಗ್ಗಿ ಬಂಡೆಗೆ ಬಡಿಯಿತು. ಎರಡನೆಯದೂ ಬಲಕ್ಕೇ. ಮೂರನೆಯದೂ. ಒಂದು ನಿಮಿಷದಲ್ಲಿ ಮೂರೂ ಪುಡಿಪುಡಿ.

ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ವಯಸ್ಸಾಯ್ತು ಬಿಡು. ಕೈ ಮರೆತೇಬಿಟ್ಟಿದೆ. ಇನ್ನು ಹೊರಡ್ತೀನಿ."

ಚೀಲ ಮತ್ತೆ ಹೆಗಲೇರಿತು. ಅವನು ಟಿವಿಯನ್ನೇ ನೋಡಿದ. ಮೂರು ಸಲವೂ ಬಲಕ್ಕೇ ಯಾಕೆ ಹೋಯಿತು? ಆಗ, ಎಷ್ಟೋ ವರ್ಷ ಮರೆತಿದ್ದ ಒಂದು ಮಧ್ಯಾಹ್ನ ನೆನಪಿಗೆ ಬಂತು. ಹೊಸ ಸ್ಪ್ರಿಂಗ್ ಹಿಡಿದುಕೊಂಡು ಯಂತ್ರದ ಹಿಂದೆ ಕೂತಿದ್ದವನ ಕೈಯನ್ನು ಅಪ್ಪ ಹಿಡಿದಿದ್ದರು.

"ಕೂತ್ಕೋ, ಎರಡೇ ನಿಮಿಷ!" ಎಂದು ಅವನು ಹೆಚ್ಚುಕಡಿಮೆ ಕೂಗಿಬಿಟ್ಟ. "ನಿನ್ನ ಕೈ ಏನೂ ಮರೆತಿಲ್ಲ. ಅದು ಎಡಕ್ಕೆ ವಾಲ್ತಿತ್ತು, ನೀನು ಯಾವಾಗಲೂ ಬಲಕ್ಕೆ ಒತ್ತಿ ಹಿಡೀತಿದ್ದೆ. ನಾನು ಸರಿ ಮಾಡೋಕೆ ಹೋದಾಗ ಅಪ್ಪ ಬೈದ್ರು. 'ಮುಟ್ಟಬೇಡ, ಅವಳ ಕೈಗೆ ಅದು ಹೀಗೇ ಒಗ್ಗಿದೆ' ಅಂದ್ರು."

ಅವಳು ನಿಂತಲ್ಲೇ ನಿಂತಳು. "ಅಪ್ಪ ಹಾಗಂದ್ರಾ?"

"ಹೂಂ. ನಾನು ಕತ್ತೆ, ಮೊನ್ನೆ ಹೊಸದು ಹಾಕ್ಬಿಟ್ಟೆ. ಕೇಳದೇನೇ." ಡಬ್ಬದಿಂದ ಹಳೆಯ ಸ್ಪ್ರಿಂಗ್ ತೆಗೆದು ಹಿಡಿಕೆಯ ಸ್ಕ್ರೂ ಬಿಚ್ಚತೊಡಗಿದ. "ಅವತ್ತು ಅಂಗಡಿ ಖಾಲಿ ಮಾಡುವಾಗ್ಲೂ ಕೇಳಲಿಲ್ಲ. ನಿನ್ನ ಕೇಳಬೇಕಿತ್ತು. ತಪ್ಪಾಯ್ತು ಕಣೇ."

ಸೋತ ಸ್ಪ್ರಿಂಗ್ ಒಳಗೆ ಹೋಯಿತು. ಹಿಡಿಕೆ ಎಡಕ್ಕೆ ತಲೆವಾಲಿಸಿ ನಿಂತಿತು. ತಂಗಿ ಚೀಲವನ್ನು ಅತ್ತಿಗೆಯ ಕೈಗೆ ಕೊಟ್ಟು ಕೂತಳು. ರಾಕೆಟ್ ನೆಟ್ಟಗೆ ಹಾರಿತು. ಮೊದಲ ಹಂತ, ಎರಡನೆಯದು, ಐದನೆಯದು. ಅವಳು ತುಟಿ ಕಚ್ಚಿ ಆಡುತ್ತಿದ್ದಳು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಊಟ ಆರಿಹೋಯಿತು, ಯಾರೂ ಕರೆಯಲಿಲ್ಲ.

ಸಂಜೆ ಚಪ್ಪಲಿ ಮೆಟ್ಟುತ್ತ ಅವಳು ಹೇಳಿದಳು, "ಅಣ್ಣಾ, ಆ ಗುಂಡು ಹಾರಿಸೋ ಬಟನ್ ಸ್ವಲ್ಪ ಅಂಟ್ಕೊಳ್ತಿದೆ."

ಅವನ ಕೈ ತಾನಾಗಿ ಜೇಬಿನ ಸ್ಕ್ರೂಡ್ರೈವರಿಗೆ ಹೋಯಿತು.

"ಮುಟ್ಟಬೇಡ," ಎಂದಳು ತಂಗಿ. "ಮುಂದಿನ ಭಾನುವಾರದೊಳಗೆ ನನಗೆ ಅದೂ ಒಗ್ಗುತ್ತೆ."