ಶವಪೆಟ್ಟಿಗೆಯ ಮೇಲಿನ ಫೋಟೊ

ಭಾನುವಾರ ಮೊದಲ ಬಸ್ಸಿಗೇ ಊರಿಂದ ಮೆದೆಯಿನ್ ನಗರಕ್ಕೆ ಬಂದಿಳಿದ ಒತಿಲಿಯಾ ಮೈತುಂಬ ಕಪ್ಪು ಬಟ್ಟೆ ತೊಟ್ಟಿದ್ದಳು. ಕಂಕುಳಲ್ಲಿ ಒಂದು ಕಟ್ಟು ಮೇಣದಬತ್ತಿ. ಬಾಗಿಲಲ್ಲೇ ತಂಗಿ ನೊಎಲಿಯಾಳ ಕೊರಳಿಗೆ ಬಿದ್ದು ಗೋಳಾಡಿದಳು.

“ನಿನ್ನ ಮಗ ಹೋದದ್ದನ್ನ ನಾನು ಟೀವಿ ನೋಡಿ ತಿಳ್ಕೋಬೇಕೇನೇ? ಅವನ ಆತ್ಮಕ್ಕೆ ಒಂಬತ್ತು ರಾತ್ರಿ ಪ್ರಾರ್ಥನೆ ಯಾರು ಮಾಡಿಸ್ತಾರೆ?”

“ನಿನ್ನ ಬಾಯಿಗೆ ಹುಳ ಬೀಳ! ವಿಲ್ಮರ್ ಚಟ ಬಿಡಿಸೋ ಕೇಂದ್ರದಲ್ಲಿ ಪಾತ್ರೆ ತೊಳೀತಿದಾನೆ.”

“ಮತ್ತೆ ಆ ಧಾರಾವಾಹಿಲಿ ಶವಪೆಟ್ಟಿಗೆ ಮೇಲೆ ಅವನ ಫೋಟೊ? ಚರ್ಚಲ್ಲಿ ಮೊದಲ ಪರಮಪ್ರಸಾದ ತಗೊಂಡಾಗಿನ ಬಿಳಿ ಕೋಟು, ಮುರಿದ ಹಲ್ಲು. ನಾನೇ ಹೊಲಿಸಿದ ಕೋಟು ಕಣೇ!”

ಕೆಳಗಿನ ಓಣಿಯಲ್ಲಿ ಆ ಧಾರಾವಾಹಿ ತೆಗೆಯುತ್ತಿದ್ದ ಶೂಟಿಂಗಿನವರು ನಾಯಕನ ಮನೆ ಗೋಡೆಗೆ ಹಾಕಲೆಂದು ಕೇಳಿದಾಗ ಆ ಫೋಟೊವನ್ನು ಧೂಳು ಒರೆಸಿ, ಹೆಮ್ಮೆಯಿಂದ ಕೊಟ್ಟವಳು ನೊಎಲಿಯಾಳೇ. ಕೇಂದ್ರದಲ್ಲೂ ಟೀವಿಯಿದೆ. ಅಲ್ಲೂ ಅದೇ ಧಾರಾವಾಹಿ ನೋಡುತ್ತಾರೆ.

ಅವಳು ಕೆಳಗಿನ ಓಣಿಗೆ ಧಾವಿಸಿದಳು. ಸೆಟ್ಟು ಸಜ್ಜುಮಾಡುವ ಉಲೀಸೆಸ್ ಶವಪೆಟ್ಟಿಗೆಗೆ ಅಡ್ಡ ನಿಂತ.

“ತೆಗೀಬೇಡಿ ಅಮ್ಮಾ, ಸಮಾಧಿ ದೃಶ್ಯ ಬಾಕಿ ಇದೆ. ಡ್ರಗ್ಸಿನ ಪರಿಣಾಮ ಜನಕ್ಕೆ ಗೊತ್ತಾಗಬೇಕಲ್ಲ?”

“ಪರಿಣಾಮವಂತೆ! ಕೆಂಪು ಕಾರು, ಕುಣಿಯೋ ಹುಡುಗೀರು, ಆಮೇಲೆ ಪಿಟೀಲು ಕುಯ್ದು ಸಾಯಿಸಿಬಿಡ್ತೀರಿ. ನನ್ನ ಮಗ ಕಾಳು ಬೇಯಿಸೋ ಕುಕ್ಕರ್ ಮಾರಿದ. ಹೊಸದು ತಂದೆ, ಕಾಲಿಗೆ ಬಿದ್ದು ಅತ್ತ, ಅದೇ ಸಂಜೆ ಅದನ್ನೂ ಮಾರಿದ. ಮೂರನೇದನ್ನ ತಬ್ಕೊಂಡು ಮಲಗ್ತಿದ್ದೆ ಕಣೋ, ಹೆತ್ತ ಮಗನಿಗೆ ಹೆದರಿ! ಅದನ್ನ ತೋರ್ಸು, ಗಂಡಸಾದ್ರೆ.”

“ಅದ್ರಲ್ಲಿ ಕಥೆ ಏನಿದೆ ಅಮ್ಮಾ, ದಿನಾ ಅದೇ ಗೋಳು.”

“ಹೂಂ ಕಣೋ, ದಿನಾ ಅದೇ! ಸಾಯಿಸೋದು ಸುಲಭ ನಿಮಗೆ. ಅವನು ಬದುಕ್ತಿದಾನಲ್ಲ, ಅದನ್ನ ನೋಡೋಕೆ ನಿಮ್ಮಪ್ಪನಾಣೆ ತಾಳ್ಮೆ ಇಲ್ಲ!”

ಅಂಟಿಸಿದ್ದ ಫೋಟೊವನ್ನು ಅವಳು ಕಿತ್ತ ರಭಸಕ್ಕೆ ಪೆಟ್ಟಿಗೆಯ ಬಣ್ಣವೂ ಎದ್ದು ಬಂತು.

ಫೋಟೊ ಹಿಡಿದು ಓಡಿದ ಅವಳಿಗೆ ಕೇಂದ್ರದ ಗೇಟಿನಲ್ಲೇ ವಿಲ್ಮರ್ ಸಿಕ್ಕಿದ. ಹೆಗಲಲ್ಲಿ ಬಟ್ಟೆಯ ಚೀಲ, ಕೇಂದ್ರ ಬಿಟ್ಟು ಹೊರಟು ನಿಂತಿದ್ದ.

“ಟೀವಿಲಿ ನನ್ನ ಫೋಟೊ ನೋಡಿ ಎಲ್ಲಾರೂ ನಕ್ರು. ನೀನೇ ಕೊಟ್ಯಾ ಅದನ್ನ? ಸತ್ತೋದ ಅಂತ ಬರ್ಕೊಂಡ್ಬಿಟ್ಯಾ ನನ್ನ?”

“ಸತ್ತೋನಿಗೋಸ್ಕರ ಬೆಟ್ಟ ಇಳಿದು ಓಡಿಬರೋಕೆ ನಂಗೇನು ಹುಚ್ಚಾ? ಗೋಡೆಗೆ ಅಂದ್ರು, ಕೊಟ್ಟೆ. ನನ್ನ ಮಗ ಟೀವಿಲಿ ಬರ್ತಾನೆ ಅಂತ ಹಿಗ್ಗಿದೆ, ಮೂದೇವಿ ನಾನು! ತಗೋ. ನಿನ್ನ ಮಂಚದ ಮೇಲೆ ನೇತುಹಾಕು. ಮನೇಗೆ ಒಯ್ಯೋ ಹಾಗಿಲ್ಲ, ನಿಮ್ಮ ದೊಡ್ಡಮ್ಮ ಮೇಣದಬತ್ತಿ ಹಿಡ್ಕೊಂಡು ಕೂತಿದಾಳೆ.”

ವಿಲ್ಮರ್ ಫೋಟೊವನ್ನು ತುಂಬ ಹೊತ್ತು ನೋಡಿದ. ಚೀಲವನ್ನು ಹೆಗಲಿಂದ ಇಳಿಸಿದ.

“ಮೊಳೆ ತಂದಿದೀಯಾ?”

“ಅದನ್ನೂ ನಾನೇ ತರಬೇಕೇನೋ?” ಎಂದು ಅವಳು ಕಿರುಚಿದಳು.