ಕುಲಾವಿ ಬೀಳುವವರೆಗೆ

ಒಂದು ತಟ್ಟೆ ಹಾವಸೆ ಬೆಳೆಸಲು ಜರಡಿ ಹಿಡಿದ ಮಣ್ಣು, ಸೋಸಿದ ನೀರು, ವರ್ಷಗಟ್ಟಲೆ ಕಾಯುವುದು ಮತ್ತು ಅಕ್ಕನ ಸೊಂಟ ಬೇಕು. ಇವುಗಳಲ್ಲಿ ಅಗ್ಗವಾದವು ಮಣ್ಣು ಮತ್ತು ನೀರು ಮಾತ್ರ.

ಮೊದಲೆಲ್ಲ ಕಾಲುವೆಯ ಹಳೇ ಗೋಡೆಯಿಂದ ಚಕ್ಕೆ ಎಬ್ಬಿಸಿ ತಂದು ತಟ್ಟೆಗಳಿಗೆ ಹಚ್ಚುತ್ತಿದ್ದೆವು. ಈಗ ಆ ಗೋಡೆಗೆ ಸಿಮೆಂಟು ಬಳಿದಿದ್ದಾರೆ. ಬೆಳೆದದ್ದನ್ನೆಲ್ಲ ಮಾರಿ, ಷೆಡ್ಡಿನಲ್ಲಿ ಹಸಿರೆಂದು ಉಳಿದದ್ದು ಒಂದೇ ತಟ್ಟೆ. ಅದರ ಮೇಲೆ ಕೂದಲಿನಂಥ ಕಡ್ಡಿಗಳು ಎದ್ದಿದ್ದವು. ನಮ್ಮಿಂದ ಹಾವಸೆ ಕೊಳ್ಳುವ ಹೂವಿನಂಗಡಿಯವನಿಗೆ ಅವು ಆಗುತ್ತಿರಲಿಲ್ಲ. ಪ್ರತಿ ಸಲ ನಾವು ಕತ್ತರಿಯಿಂದ ಬೋಳಿಸಿಯೇ ಕೊಡುತ್ತಿದ್ದೆವು.

"ಕೊಡು ಇಲ್ಲಿ, ಕ್ಷೌರ ಮಾಡ್ತೀನಿ" ಎಂದರು ಭಾವ.

ಅಕ್ಕ ತಟ್ಟೆ ಬಿಡಲಿಲ್ಲ. "ನಿಮ್ಮ ತಲೇಲಿ ಇಲ್ಲ ಅಂತ ಇದರ ಮೇಲೆ ಹೊಟ್ಟೆಕಿಚ್ಚಾ?"

ಅವಳು ಒಂದು ಕಡ್ಡಿ ಕಿತ್ತು ನನಗೆ ತೋರಿಸಿದಳು. "ನೋಡೇ, ಕಾಲು ತಾಯಿ ಮೈಯೊಳಗೇ ಊರಿತ್ತು. ಇದರ ಅನ್ನ ನೀರೆಲ್ಲ ಅಲ್ಲಿಂದಲೇ."

"ನಿನ್ನ ತಮ್ಮನ ಹಾಗೆ" ಎಂದರು ಭಾವ.

ಕಡ್ಡಿಯ ತುದಿಯಲ್ಲಿ ಪುಟ್ಟ ಕುಡಿಕೆ, ಅದರ ತಲೆಗೊಂದು ಕುಲಾವಿ. ಆ ಕುಲಾವಿಯೂ ತಾಯಿಯ ಮೈಯಿಂದ ಹರಿದುಬಂದ ಚೂರೇ. ಅಕ್ಕ ಉಗುರಿನಿಂದ ಅದನ್ನು ತೆಗೆದಳು. ಕೆಳಗೆ ಮುಚ್ಚಳ, ಇನ್ನೂ ಎಳಸು.

"ಹೋದ ಸಲ ಅಂಚಲ್ಲಿ ಕತ್ತರಿ ತಪ್ಪಿ ನಾಲ್ಕು ಕಡ್ಡಿ ಉಳಿದಿತ್ತಲ್ಲ, ಅದರ ಪಕ್ಕದ ತಟ್ಟೇಲಿ ತಾನಾಗೇ ಹಸಿರು ಬಂತು. ಬೀಜ ಇರೋದು ಇದರಲ್ಲೇ ಕಣೇ. ನಾವು ಇಷ್ಟು ವರ್ಷ ಬೀಜಕ್ಕೇ ಕತ್ತರಿ ಹಾಕಿದ್ವಿ."

"ನಾಳೆ ಅಂಗಡಿಯವನು ಬರ್ತಾನಲ್ಲ ಅಕ್ಕ?"

"ಬರಲಿ. ಬರಿಗೈಲಿ ಹೋಗಲಿ."

ಅವನು ಬಂದ, ಸಿಡುಕಿದ, ಬೇರೆಯವರನ್ನು ಹಿಡಿದುಕೊಂಡ. ನಾವು ಕಾದೆವು. ಕುಲಾವಿಗಳು ಉದುರಿದವು, ಕುಡಿಕೆಗಳು ಕಂದಾದವು, ಮುಚ್ಚಳ ಕಳಚಿತು. ಬಾಯಿಯ ಸುತ್ತ ಸಣ್ಣ ಹಲ್ಲುಗಳ ಬೇಲಿ. ಆದರೂ ಬೀಜ ಹೊರಬೀಳಲಿಲ್ಲ. ಅಕ್ಕ ಬಾಣಂತಿಗೆ ಆರೈಕೆ ಮಾಡಿದಂತೆ ಹೊತ್ತುಹೊತ್ತಿಗೆ ನೀರು ಚಿಮುಕಿಸುತ್ತಿದ್ದಳು. ತೇವ ತಾಗಿದರೆ ಆ ಹಲ್ಲುಗಳು ಕಚ್ಚಿಕೊಂಡುಬಿಡುತ್ತಿದ್ದವು.

ಒಂದು ದಿನ ಅವಳು ಸೊಂಟ ಹಿಡಿದುಕೊಂಡು ಮಲಗಿದಳು. ಬರೀ ಮಣ್ಣಿದ್ದ ಖಾಲಿ ತಟ್ಟೆಗಳಿಗೆ ನೀರು ಹಾಕುವಷ್ಟರಲ್ಲಿ ನನ್ನ ಕೈಯೂ ಸೋತಿತ್ತು. ಹಸಿರು ತಟ್ಟೆ ನಾಳೆಗಿರಲಿ ಎಂದು ಕುಳಿತೆ. ಮಧ್ಯಾಹ್ನದ ಒಣಗಾಳಿಗೆ ಹಲ್ಲುಗಳು ಬಿಚ್ಚಿಕೊಂಡವು. ಕಿಟಕಿಯ ಬೆಳಕಿನಲ್ಲಿ ಹೊಗೆಯಂಥ ಹುಡಿ ಎದ್ದು ಖಾಲಿ ತಟ್ಟೆಗಳ ಕಡೆ ತೇಲಿತು.

"ಅಕ್ಕ, ಬಾಯಿ ಬಿಟ್ವು!"

"ಸದ್ಯ" ಎಂದು ಅವಳು ಆ ಕಡೆ ಮಗ್ಗುಲಾದಳು.

ಖಾಲಿ ತಟ್ಟೆಗಳಲ್ಲಿ ಅರ್ಧ ಹಸಿರಾದವು. ಅಂಗಡಿಯವನು ಮತ್ತೆ ಬರಲಿಲ್ಲ. ಅಕ್ಕನ ಸೊಂಟ ನೆಟ್ಟಗಾಗಲಿಲ್ಲ.